ತಂಗಡಗಿಯಿಂದ ಆಕಾಶಕ್ಕೆ ಎಷ್ಟು ದೂರ?

ವಿಮಾನದ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದನ್ನೆಲ್ಲ ನೆನಪಿಸಿಕೊಂಡರೆ ಹೆಚ್ಚಾಗಿ ಎರಡೇ ತರಹದ ಕತೆಗಳು. ಒಂದು ಯುದ್ಧದ್ದು, ಇನ್ನೊಂದು ಪ್ರವಾಸದ್ದು. ಒಂದರಲ್ಲಿ ಸೈನಿಕ, ಇನ್ನೊಂದರಲ್ಲಿ ಟಿಕೆಟ್ ಕೊಂಡು ಕಿಟಕಿ ಪಕ್ಕ ಕೂತ ಪ್ರಯಾಣಿಕ. ಇವೆರಡರ ನಡುವೆ ಮೂರನೆಯ ಕತೆಯೊಂದು ಇದೆ. ಓದು, ಅಂಗಡಿ, ನೌಕರಿ ಎಲ್ಲ ಇಟ್ಟುಕೊಂಡೇ "ಬೇಕಾದಾಗ ಕರೀರಿ, ಹಾರ್ತೀವಿ" ಎಂದು ಹೆಸರು ಬರೆಸಿದವರ ಕತೆ. ಸೈನ್ಯದವರಲ್ಲ, ಆದರೆ ಸೈನ್ಯಕ್ಕೆ ಹೆಗಲು ಕೊಟ್ಟವರು. ನಮ್ಮ ದೇಶದಲ್ಲಿ ಇಂಥವರ ಇತಿಹಾಸ ಸುಮಾರು 85 ವರ್ಷದಷ್ಟು ಹಳೆಯದು. ಬಿಡಿಬಿಡಿಯಾಗಿ ಸಿಕ್ಕ ಮಾಹಿತಿಯನ್ನು ಒಂದು ಕಡೆ ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಸ್ವಲ್ಪ ಉದ್ದವಾಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ನಾನು ಎಲ್ಲಿ ನಿಂತು ನೋಡ್ತಿದ್ದೀನಿ ಅನ್ನೋದನ್ನ ಹೇಳಿಬಿಡ್ತೀನಿ. ನಮ್ಮೂರು ತಂಗಡಗಿ. ಮುದ್ದೇಬಿಹಾಳ ತಾಲೂಕು, ಕೃಷ್ಣೆಯ ದಂಡೆ. ಹೊಳೆ ದಾಟಿದರೆ ಹುನಗುಂದ ತಾಲೂಕಿನ ಧನ್ನೂರು. ಅಲ್ಲಿಂದ ಕೂಡಲಸಂಗಮ ದೂರವಲ್ಲ. ಬಸವಣ್ಣನವರ ಮಡದಿ ನೀಲಮ್ಮನ ಐಕ್ಯಸ್ಥಳ ಅಂತ ನಮ್ಮೂರನ್ನು ನೀವು ಕೇಳಿರಬಹುದು. ಜೋಳ, ತೊಗರಿಯ ಸೀಮೆ. ನಮ್ಮ ಮಂದಿ ತಲೆ ಎತ್ತಿ ಮೇಲೆ ನೋಡಿದ್ದು ಮಳೆಗಾಗಿಯೇ ಹೊರತು ವಿಮಾನಕ್ಕಲ್ಲ. ಹಾಗಾಗಿ ಈ ಇತಿಹಾಸ ಓದುವಾಗೆಲ್ಲ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಈ ಬಾಗಿಲು ತೆರೆದಾಗ ನಮ್ಮೂರ ಹುಡುಗನೋ ಹುಡುಗಿಯೋ ಅಲ್ಲಿಗೆ ಹೋಗಿ ನಿಲ್ಲೋದು ಸಾಧ್ಯವಿತ್ತಾ?

ಈಗ ವಿಷಯಕ್ಕೆ ಬರೋಣ.

ಭಾರತದಲ್ಲಿ ಸಾಮಾನ್ಯ ನಾಗರಿಕ ವಿಮಾನ ಹಾರಿಸೋದನ್ನು ಕಲಿಯಲು ಶುರುಮಾಡಿದ್ದು 1920ರ ದಶಕದ ಕೊನೆಗೆ, ಫ್ಲೈಯಿಂಗ್ ಕ್ಲಬ್ಬುಗಳು ಬಂದಮೇಲೆ. ದೆಹಲಿ, ಬೊಂಬಾಯಿ ಮುಂತಾದ ದೊಡ್ಡ ಊರುಗಳಲ್ಲಿ ಕ್ಲಬ್ಬುಗಳು ಹುಟ್ಟಿದವು. 1929ರ ಫೆಬ್ರವರಿ 10ರಂದು ಜೆ. ಆರ್. ಡಿ. ಟಾಟಾ ಅವರಿಗೆ ಸಿಕ್ಕ ಲೈಸೆನ್ಸಿನ ಮೇಲೆ ಇದ್ದ ಸಂಖ್ಯೆ 1. ಮರುವರ್ಷ, ಅಂದರೆ 1930ರಲ್ಲಿ, ಆಗಾಖಾನರು ಇಟ್ಟಿದ್ದ ಒಂದು ಬಹುಮಾನಕ್ಕೆ ಪೈಪೋಟಿ ನಡೆಯಿತು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬಂಟಿಯಾಗಿ ಮೊದಲು ಹಾರಿದ ಭಾರತೀಯನಿಗೆ 500 ಪೌಂಡು. ಮೂವರು ಹೊರಟರು: ಟಾಟಾ, ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್, ರಾವಲ್ಪಿಂಡಿಯ ಮನಮೋಹನ ಸಿಂಗ್ (ಮುಂದೆ ಪ್ರಧಾನಿಯಾದವರಲ್ಲ, ಇವರು ಬೇರೆ). ದಾರಿಯಲ್ಲಿ ಈಜಿಪ್ಟಿನ ಅಬೂಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ಒದ್ದಾಡುತ್ತಿದ್ದ ಆಸ್ಪಿಗೆ ಟಾಟಾ ತಮ್ಮ ಹತ್ತಿರವಿದ್ದ ಪ್ಲಗ್ ಕೊಟ್ಟರು. ಕೊನೆಗೆ ಗೆದ್ದದ್ದು ಆಸ್ಪಿ! ಎದುರಾಳಿಗೆ ಪ್ಲಗ್ ಕೊಟ್ಟು ಸೋತ ಟಾಟಾ ಎರಡು ವರ್ಷದ ನಂತರ ವಿಮಾನ ಅಂಚೆ ಸೇವೆಯೊಂದನ್ನು ಕಟ್ಟಿದರು; ಗೆದ್ದ ಆಸ್ಪಿ ಮುಂದೆ ವಾಯುಪಡೆಯ ಮುಖ್ಯಸ್ಥರಾದರು. ಮೂರನೆಯವರ ಕತೆ ಆಮೇಲೆ ಹೇಳ್ತೀನಿ.

ಆಗ ನಮ್ಮ ಬಿಜಾಪುರ ಜಿಲ್ಲೆ ಇದ್ದದ್ದು ಬೊಂಬಾಯಿ ಪ್ರಾಂತ್ಯದಲ್ಲಿ. ಅಂದರೆ ಲೆಕ್ಕಕ್ಕೆ ಜುಹೂ ಮೈದಾನದ ಬೊಂಬಾಯಿ ಫ್ಲೈಯಿಂಗ್ ಕ್ಲಬ್ಬು "ನಮ್ಮ ರಾಜ್ಯದ್ದೇ". ಆದರೆ ತಂಗಡಗಿಯಿಂದ ಅಲ್ಲಿಗೆ ಹೋಗೋದು ಅಂದರೆ? ಚಕ್ಕಡಿಯೋ ಏನೋ ಹಿಡಿದು ಆಲಮಟ್ಟಿ ಸ್ಟೇಷನ್ನು, ಅಲ್ಲಿಂದ ಸಣ್ಣ ಗೇಜಿನ ರೈಲಿನಲ್ಲಿ ಬಿಜಾಪುರ ದಾಟಿ ಹೊಟಗಿ, ಹೊಟಗಿಯಲ್ಲಿ ಇಳಿದು ದೊಡ್ಡ ಗೇಜಿನ ರೈಲು ಹತ್ತಿ ಸೊಲ್ಲಾಪುರ, ಪುಣೆ, ಬೊಂಬಾಯಿ. ಹೋದಮೇಲೆ ಗಂಟೆಯ ಲೆಕ್ಕದಲ್ಲಿ ಹಾರಾಟಕ್ಕೆ ದುಡ್ಡು ಕಟ್ಟಬೇಕು. ಕ್ಲಬ್ಬು ಅಂದರೇ ಶ್ರೀಮಂತರದು, ದೊಡ್ಡ ಅಧಿಕಾರಿಗಳದು, ರಾಜಮನೆತನದವರದು. ನಮ್ಮ ಕಡೆಯ ದೊಡ್ಡ ಗೌಡರಿಗೂ ಅದು ದೂರದ ಮಾತು.

1932ರ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಕಾನೂನಿನ ಪ್ರಕಾರ ಹುಟ್ಟಿತು. ತೀರಾ ಸಣ್ಣ ಪಡೆ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಅದರಲ್ಲಿದ್ದ ಅಧಿಕಾರಿಗಳು ಬರೀ 16 ಮಂದಿ. ಸಾವಿರಾರು ಮೈಲಿ ಕಡಲತೀರ, 16 ಅಧಿಕಾರಿಗಳು! ಬ್ರಿಟಿಷ್ ಸರಕಾರಕ್ಕೆ ಆಗ ನೆನಪಾದದ್ದು ಫ್ಲೈಯಿಂಗ್ ಕ್ಲಬ್ಬುಗಳ ಹವ್ಯಾಸಿಗಳು. ಹೀಗೆ 1939ರಲ್ಲಿ ಭಾರತೀಯ ವಾಯುಪಡೆಯ ಸ್ವಯಂಸೇವಕ ಮೀಸಲು ದಳ ಹುಟ್ಟಿತು. ಕಾಲಾನಂತರದ ಎಲ್ಲ ನಾಗರಿಕ ಹಾರಾಟ ಪಡೆಗಳಿಗೆ ನಮ್ಮಲ್ಲಿ ಇದೇ ಮೂಲ.

ಇವರ ಕೆಲಸ ಕಡಲ ಕಾವಲು. ಮದ್ರಾಸು, ಬೊಂಬಾಯಿ, ಕಲ್ಕತ್ತಾ, ಕರಾಚಿ, ಕೊಚ್ಚಿ, ಆಮೇಲೆ ವಿಶಾಖಪಟ್ಟಣ - ಹೀಗೆ ಬಂದರಿನ ಊರುಗಳಲ್ಲಿ ಒಂದೊಂದು ಸಣ್ಣ ತುಕಡಿ. ಕೊಟ್ಟ ವಿಮಾನಗಳೋ, ವಾಪಿಟಿ ಎಂಬ ಹಳೇ ಎರಡು ರೆಕ್ಕೆಯವು. ಮೇಲೆ ಮುಚ್ಚಳವಿಲ್ಲ, ಕೂತವರ ಮುಖಕ್ಕೆ ನೇರ ಗಾಳಿ. 1920ರ ದಶಕದಲ್ಲಿ ತಯಾರಾದ ವಿನ್ಯಾಸ. ಅವು ಸಾಲದೇ ಹೋದಾಗ ಪ್ರಯಾಣಿಕರನ್ನು ಹೊರುತ್ತಿದ್ದ ವಿಮಾನಗಳನ್ನೇ ವಶಕ್ಕೆ ತೆಗೆದುಕೊಂಡು ಸಮುದ್ರದ ಮೇಲೆ ಬಿಟ್ಟರು. ಬರುವ ಹೋಗುವ ಹಡಗುಗಳ ಮೇಲೆ ಕಣ್ಣಿಡೋದು, ಶತ್ರುವಿನ ಹಡಗು, ಜಲಾಂತರ್ಗಾಮಿ ಕಂಡರೆ ಸುದ್ದಿ ಮುಟ್ಟಿಸೋದು. ಹೇಳಿಕೊಳ್ಳುವಂಥ ಶೌರ್ಯದ ಕೆಲಸ ಅಂತ ಅನ್ನಿಸಲಿಕ್ಕಿಲ್ಲ. ಆದರೆ ಒಂದೇ ಎಂಜಿನ್ನಿನ ಹಳೇ ವಿಮಾನದಲ್ಲಿ ದಂಡೆ ಕಾಣದಷ್ಟು ದೂರ ಸಮುದ್ರದ ಮೇಲೆ ಹೋಗಿ ಬರೋದು ಅಂದರೆ ಏನು ಅಂತ ಒಮ್ಮೆ ಯೋಚಿಸಿ. ಎಂಜಿನ್ ಕೈಕೊಟ್ಟರೆ ಕೆಳಗೆ ಹೊಲವಿಲ್ಲ, ನೀರು. ಈ ಕಾವಲು ಸುಮ್ಮನೆ ಇಟ್ಟದ್ದೂ ಅಲ್ಲ. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿಯೇ ಹಾಕಿದವು.

ಈ ದಳಕ್ಕೆ ಸೇರಿದವರಲ್ಲಿ ಇಬ್ಬರ ಹೆಸರು ಹೇಳಬೇಕು.

ಒಬ್ಬರು ಮೇಲೆ ಹೇಳಿದ ಮನಮೋಹನ ಸಿಂಗ್. ಆಗಾಖಾನ್ ಬಹುಮಾನ ಕೈತಪ್ಪಿತು, ಆದರೆ ಇಂಗ್ಲೆಂಡಿನಿಂದ ಭಾರತಕ್ಕೆ ಒಬ್ಬಂಟಿಯಾಗಿ ಹಾರಿ ಬಂದ ಮೊದಲ ಭಾರತೀಯ ಎಂಬ ಹೆಸರು ಉಳಿಯಿತು. ಯುದ್ಧ ಬಂದಾಗ ಸ್ವಯಂಸೇವಕ ದಳಕ್ಕೆ ಸೇರಿ, ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳನ್ನು ಹಾರಿಸಿದರು. 1942ರ ಮಾರ್ಚ್ 3ರಂದು ಆಸ್ಟ್ರೇಲಿಯಾದ ಬ್ರೂಮ್ ಬಂದರಿನ ಮೇಲೆ ಜಪಾನೀಯರು ದಾಳಿ ಮಾಡಿದಾಗ ಅಲ್ಲೇ ಪ್ರಾಣ ಬಿಟ್ಟರು. ಹವ್ಯಾಸಕ್ಕೆ ಹಾರಲು ಕಲಿತ ರಾವಲ್ಪಿಂಡಿಯ ಮನುಷ್ಯ ಸತ್ತದ್ದು ಆಸ್ಟ್ರೇಲಿಯಾದ ನೀರಿನಲ್ಲಿ.

ಇನ್ನೊಬ್ಬರು ಪ್ರತಾಪ್ ಚಂದ್ರ ಲಾಲ್. ಹುಡುಗನಾಗಿದ್ದಾಗಲೇ ದೆಹಲಿಯ ಕ್ಲಬ್ಬಿನಲ್ಲಿ ಹಾರಲು ಕಲಿತು ಲೈಸೆನ್ಸ್ ಪಡೆದಿದ್ದವರು. ಮುಂದೆ ಲಂಡನ್ನಿಗೆ ಓದಲು ಹೋದರು, ಆರಿಸಿಕೊಂಡದ್ದು ಪತ್ರಿಕೋದ್ಯಮ. 1939ರಲ್ಲಿ ಯುದ್ಧ ಶುರುವಾಗಿ, ಲೈಸೆನ್ಸ್ ಇದ್ದವರು ಬೇಕು ಅಂತ ಸರಕಾರ ಕರೆದಾಗ ಸ್ವಯಂಸೇವಕ ದಳಕ್ಕೆ ಸೇರಿದರು. ಅದೂ ಮೊದಲು ಪೈಲಟ್ ಆಗಿ ಅಲ್ಲ, ದಾರಿ ತೋರಿಸುವ ನ್ಯಾವಿಗೇಟರ್ ಆಗಿ! ಪತ್ರಕರ್ತರಾಗಬೇಕಿದ್ದ ಆ ಲಾಲ್ ಮುಂದೆ ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಚುಕ್ಕಾಣಿ ಹಿಡಿದರು. 1969ರಿಂದ 1973ರವರೆಗೆ ವಾಯುಪಡೆಯ ಮುಖ್ಯಸ್ಥರಾಗಿದ್ದರು. 1971ರ ಯುದ್ಧದಲ್ಲಿ ನಮ್ಮ ವಾಯುಪಡೆ ನಡೆಸಿದವರು ಇವರೇ.

ಕಡಲ ಕಾವಲಿನ ತುಕಡಿಗಳನ್ನು ಯುದ್ಧ ಮುಗಿಯುವ ಮೊದಲೇ ಬರ್ಖಾಸ್ತು ಮಾಡಿದರು. ಹುಡುಗರು ಖಾಯಂ ಸ್ಕ್ವಾಡ್ರನ್ನುಗಳಿಗೆ, ಬರ್ಮಾ ರಣರಂಗಕ್ಕೆ ಹೋದರು. 1945ರ ಹೊತ್ತಿಗೆ ವಾಯುಪಡೆಯ ಅಧಿಕಾರಿಗಳ ಸಂಖ್ಯೆ ಸುಮಾರು 1,600. ಹದಿನಾರು ಇದ್ದದ್ದು ಆರು ವರ್ಷದಲ್ಲಿ ನೂರು ಪಟ್ಟು! ಕ್ಲಬ್ಬುಗಳಲ್ಲಿ ಕಲಿತ ಹವ್ಯಾಸಿಗಳು ಇಲ್ಲದಿದ್ದರೆ ಮೊದಲಿನ ಒಂದೆರಡು ವರ್ಷ ದಾಟೋದು ಕಷ್ಟವಿತ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಸರಕಾರ "ಬರ್ರಿ" ಅಂತ ಕರೆದದ್ದು ಹಾರಲು ಬರುವವರನ್ನು. ಹಾರಲು ಬರುತ್ತಿದ್ದದ್ದು ದುಡ್ಡಿದ್ದವರಿಗೆ, ದೊಡ್ಡ ಊರಿನಲ್ಲಿದ್ದವರಿಗೆ. ಬಾಗಿಲ ಮೇಲೆ "ಸ್ವಯಂಸೇವಕರು ಬೇಕಾಗಿದ್ದಾರೆ" ಅಂತ ಬರೆದಿತ್ತು ನಿಜ, ಆದರೆ ಮನಸ್ಸಿದ್ದರಷ್ಟೇ ಸಾಲುತ್ತಿರಲಿಲ್ಲ.

ಇದೇ ಹೊತ್ತಿಗೆ ಅಮೆರಿಕದಲ್ಲಿ ಏನಾಗ್ತಿತ್ತು ನೋಡಿ. ಪರ್ಲ್ ಹಾರ್ಬರ್ ದಾಳಿಗೆ ಸರಿಯಾಗಿ ಆರು ದಿನ ಮೊದಲು, 1941ರ ಡಿಸೆಂಬರ್ 1ರಂದು, ಅಲ್ಲಿ ಸಿವಿಲ್ ಏರ್ ಪೆಟ್ರೋಲ್ ಎಂಬ ನಾಗರಿಕ ಪಡೆ ಹುಟ್ಟಿತು. 1942ರ ಆರಂಭದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಮೆರಿಕದ ದಂಡೆಯ ಪಕ್ಕದಲ್ಲೇ ಎಣ್ಣೆ ಹಡಗುಗಳನ್ನು ಮುಳುಗಿಸುತ್ತಿದ್ದವು. ಆಗ ಅಂಗಡಿಯವರು, ರೈತರು, ವಕೀಲರು ತಮ್ಮತಮ್ಮ ಸ್ವಂತ ಪುಟ್ಟ ವಿಮಾನ ತಗೊಂಡು ಕಡಲ ಕಾವಲಿಗೆ ಇಳಿದರು. 1942ರ ಮಾರ್ಚಿನಿಂದ 1943ರ ಆಗಸ್ಟ್‌ವರೆಗೆ ಸುಮಾರು ಒಂದೂವರೆ ವರ್ಷ, 21 ನೆಲೆಗಳಿಂದ ಹಾರಿದರು. ಹಲವರು ಸಮುದ್ರದಲ್ಲಿ ಬಿದ್ದು ಸತ್ತರು. 1948ರ ಮೇ ತಿಂಗಳಲ್ಲಿ ಕಾನೂನು ಮಾಡಿ ಅದನ್ನು ಅಮೆರಿಕದ ವಾಯುಪಡೆಯ ಅಧಿಕೃತ ಸಹಾಯಕ ಪಡೆ ಅಂತ ಘೋಷಿಸಿದರು. ಅದು ಇವತ್ತಿಗೂ ಇದೆ. ಕಳೆದುಹೋದ ವಿಮಾನ ಹುಡುಕೋದು, ನೆರೆ ಬಂದಾಗ ಮೇಲಿಂದ ಫೋಟೋ ತೆಗೆದು ಕೊಡೋದು ಎಲ್ಲ ಈ ಸ್ವಯಂಸೇವಕರೇ. ಹನ್ನೆರಡು ವರ್ಷ ತುಂಬಿದ ಮಕ್ಕಳು ಕೆಡೆಟ್ ಆಗಿ ಸೇರಬಹುದು. ಅಲ್ಲಿ ನೆಲೆಸಿದ ನಮ್ಮ ಕಡೆಯ ಗೆಳೆಯನೊಬ್ಬ ಮಗನನ್ನು ಸೇರಿಸಿದ್ದಾನೆ. ಹುಡುಗನಿಗೆ ಪರಿಚಯದ ಹಾರಾಟ ಅಂತ ಎಂಜಿನ್ ವಿಮಾನದಲ್ಲಿ ಐದು, ಗ್ಲೈಡರಿನಲ್ಲಿ ಐದು ಸಲ ಪುಕ್ಕಟೆ ಹಾರೋ ಅವಕಾಶವಂತೆ.

ಅವರಿಗೆ ಸಾಧ್ಯವಾದದ್ದು ನಮಗೆ ಯಾಕಾಗಲಿಲ್ಲ? ದೇಶಭಕ್ತಿ ಕಡಿಮೆ ಅಂತಲ್ಲ. ಅಲ್ಲಿ ರೈತನ ಕೊಟ್ಟಿಗೆಯಲ್ಲೂ ವಿಮಾನ ಇತ್ತು. ಇಲ್ಲಿ ಒಂದು ಜಿಲ್ಲೆಗೆ ಒಂದು ವಿಮಾನವೂ ಇರಲಿಲ್ಲ.

ಸ್ವಾತಂತ್ರ್ಯ ಬಂದು ಎರಡೂವರೆ ತಿಂಗಳಾಗುವಷ್ಟರಲ್ಲಿ ನಾಗರಿಕ ಪೈಲಟ್ಟುಗಳು ಮತ್ತೊಮ್ಮೆ ಬೇಕಾದರು. 1947ರ ಅಕ್ಟೋಬರ್ 27ರಂದು ಕಾಶ್ಮೀರಕ್ಕೆ ಸೈನಿಕರನ್ನು ಹೊತ್ತ ಡಕೋಟಾ ವಿಮಾನಗಳು ಶ್ರೀನಗರದಲ್ಲಿ ಇಳಿದವಲ್ಲ, ಅದರಲ್ಲಿ ವಾಯುಪಡೆಯವು ಕೆಲವು ಮಾತ್ರ. ಖಾಸಗಿ ಕಂಪನಿಗಳ ಡಕೋಟಾಗಳೂ, ಅವುಗಳ ಪೈಲಟ್ಟುಗಳೂ ದುಡಿದರು. ಈ ಪಾಠ ದೆಹಲಿಯ ಅಧಿಕಾರಿಗಳಿಗೆ ನೆನಪಿತ್ತು ಅಂತ ಕಾಣುತ್ತೆ. 1952ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು: ಮೀಸಲು ಮತ್ತು ಸಹಾಯಕ ವಾಯುಪಡೆಗಳ ಕಾಯಿದೆ. ಅದರ ಪ್ರಕಾರ ಹಾರಾಟ ಬಲ್ಲ ನಾಗರಿಕರು ಹೆಸರು ನೋಂದಾಯಿಸಬೇಕು. ಜೊತೆಗೆ ವಾರಾಂತ್ಯದಲ್ಲಿ ಬಂದು ತರಬೇತಿ ಪಡೆಯುವ ನಾಗರಿಕರ ಸಹಾಯಕ ಸ್ಕ್ವಾಡ್ರನ್ನುಗಳನ್ನು ಕಟ್ಟಬೇಕು. 1955ರಲ್ಲಿ ದೆಹಲಿಯಿಂದ ಶುರುವಾಗಿ ಬೊಂಬಾಯಿ, ಮದ್ರಾಸು, ಕಲ್ಕತ್ತಾಗಳಲ್ಲೂ ಬಂದವು. ಸೋಮವಾರದಿಂದ ಶುಕ್ರವಾರ ಆಫೀಸು, ಶನಿವಾರ ಭಾನುವಾರ ಹಾರ್ವರ್ಡ್ ತರಬೇತಿ ವಿಮಾನ! ಕೇಳಲಿಕ್ಕೇ ಎಷ್ಟು ಚೆಂದ ಅಲ್ವಾ? ಆದರೆ 1962ರ ಚೀನಾ ಯುದ್ಧದ ನಂತರ ವಾಯುಪಡೆಯನ್ನು ಬೇಗ ದೊಡ್ಡದು ಮಾಡುವ ಅವಸರದಲ್ಲಿ ಈ ಸ್ಕ್ವಾಡ್ರನ್ನುಗಳನ್ನು ಖಾಯಂ ಪಡೆಯೊಳಗೆ ಸೇರಿಸಿಕೊಂಡರು. ವಾರಾಂತ್ಯದ ಪೈಲಟ್ಟುಗಳ ಪದ್ಧತಿ ಅಲ್ಲಿಗೆ ಮುಗಿಯಿತು.

ಎರಡನೇ ಸಲವೂ ಅದೇ ಕತೆ. ಬೇಕಾದಾಗ ತೆರೆದರು, ಬೇಡವಾದಾಗ ಮುಚ್ಚಿದರು. ಮತ್ತೆ ಬಾಗಿಲು ಇದ್ದದ್ದು ದೊಡ್ಡ ಊರಿನಲ್ಲೇ.

ಬೆಂಗಳೂರಿನ ಸಂಗತಿ ಸ್ವಲ್ಪ ಬೇರೆ. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ಜೊತೆ ಸೇರಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ತೆರೆದಿದ್ದರು. 1948ರಲ್ಲಿ ಜಕ್ಕೂರಿನಲ್ಲಿ ಸರಕಾರಿ ಹಾರಾಟ ತರಬೇತಿ ಶಾಲೆ ಬಂತು. ಮೈಸೂರು ಮಹಾರಾಜರ ಪೈಲಟ್ ಆಗಿದ್ದ ವಿ. ಸುಂದರಂ ಅದರ ಮುಖ್ಯಸ್ಥರು. ಅವರ ಮಡದಿ ಉಷಾ ಸುಂದರಂ 1949ರಲ್ಲಿ ಅಲ್ಲಿಂದಲೇ ಕಲಿತು ಹೊರಬಂದರು. 1951ರಲ್ಲಿ ಈ ದಂಪತಿ ಲಂಡನ್ನಿನಿಂದ ಮದ್ರಾಸಿಗೆ ಡವ್ ವಿಮಾನವನ್ನು 27 ತಾಸಿನಲ್ಲಿ ತಂದು ಹೆಸರು ಮಾಡಿದರು. ಸರಕಾರವೇ ನಡೆಸುವ ಶಾಲೆ, ಹೆಣ್ಣುಮಗಳೊಬ್ಬಳು ಕಲಿತು ಹೊರಬಂದ ಶಾಲೆ. ಕ್ಲಬ್ಬಿಗಿಂತ ಇದು ಒಂದು ಹೆಜ್ಜೆ ಮುಂದೆ.

ಆದರೆ ಒಂದು ಮಾತು ಮರೀಬಾರದು. 1948ರಲ್ಲಿ ಜಕ್ಕೂರು ನಮಗೆ ಪರರಾಜ್ಯ! ನಾವು ಬೊಂಬಾಯಿ ರಾಜ್ಯದವರು, ಅದು ಮೈಸೂರು. 1956ರ ನವೆಂಬರ್ 1ರಂದು ಏಕೀಕರಣವಾದಮೇಲೆ ತಾನೇ ಬಿಜಾಪುರದವನಿಗೆ ಬೆಂಗಳೂರು ರಾಜಧಾನಿಯಾದದ್ದು. ಏಕೀಕರಣದಿಂದ ನಮಗೇನು ಸಿಕ್ತು ಅಂತ ನಮ್ಮ ಕಡೆ ಕಟ್ಟೆಯ ಮೇಲೆ ಕೂತು ಮಾತಾಡುವಾಗ ಕೆರೆ, ಕಾಲುವೆ, ನೌಕರಿ ಎಲ್ಲ ಬರುತ್ತೆ. ಜಕ್ಕೂರಿನ ಹೆಸರು ಯಾರೂ ಎತ್ತೋದಿಲ್ಲ.

ಈಗ ಮೂರನೆಯ ಬಾಗಿಲು. ನನ್ನ ಮಟ್ಟಿಗೆ ಇದೇ ಮುಖ್ಯ. ಯಾಕಂದ್ರೆ ಇದು ಲೆಕ್ಕವನ್ನೇ ತಿರುಗಿಸಿ ಹಾಕಿತು.

1946ರಲ್ಲಿ ಎಚ್. ಎನ್. ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. ಶಾಲೆ ಕಾಲೇಜಿನ ಮಕ್ಕಳಿಗೆ ದೇಶಮಟ್ಟದಲ್ಲಿ ಒಂದು ಕೆಡೆಟ್ ಸಂಸ್ಥೆ ಬೇಕು ಅಂತ ಹೇಳಿತು. 1948ರಲ್ಲಿ ಕಾಯಿದೆಯಾಗಿ ಎನ್‌ಸಿಸಿ ಹುಟ್ಟಿತು. ಮರುವರ್ಷ ಹುಡುಗಿಯರ ವಿಭಾಗ. 1950ರ ಏಪ್ರಿಲ್ 1ರಂದು ಏರ್ ವಿಂಗ್, ಬೊಂಬಾಯಿ ಕಲ್ಕತ್ತಾಗಳಲ್ಲಿ ಒಂದೊಂದು ಸ್ಕ್ವಾಡ್ರನ್ನು. ಮೊದಲಿನೆರಡು ಪ್ರಯತ್ನಗಳಲ್ಲಿ ಹಾರಲು ಬರುವವರನ್ನು ಸೇರಿಸಿಕೊಂಡರು. ಇಲ್ಲಿ ಸೇರಿಸಿಕೊಂಡು ಹಾರಲು ಕಲಿಸಿದರು. ನೋಡಲು ಸಣ್ಣ ವ್ಯತ್ಯಾಸ. ಆದರೆ ದುಡ್ಡಿಲ್ಲದ ಮನೆಯ ಹುಡುಗನಿಗೆ ಈ ವ್ಯತ್ಯಾಸದಲ್ಲೇ ಎಲ್ಲ ಇದೆ.

ಬೆಂಗಳೂರಿನಲ್ಲಿ ಎನ್‌ಸಿಸಿ ಹುಡುಗರು ಹಾರಿದ್ದು ಅದೇ ಜಕ್ಕೂರಿನಿಂದ. ಹಳಬರ ಬಾಯಲ್ಲಿ ಬರುವ ಹೆಸರು ಪುಷ್ಪಕ್. 1958ರಲ್ಲಿ ಮೊದಲು ಹಾರಿದ, ಎಚ್‌ಎಎಲ್ ಕಟ್ಟಿದ ಎರಡು ಸೀಟಿನ ಬಟ್ಟೆಹೊದಿಕೆಯ ವಿಮಾನ. ಎಂಜಿನ್ 90 ಅಶ್ವಶಕ್ತಿ, ಅಂದರೆ ಈಗಿನ ಒಂದು ಸಾಧಾರಣ ಕಾರಿನಷ್ಟು! ಇನ್ನೊಂದು ರೋಹಿಣಿ ಗ್ಲೈಡರ್. ಗ್ಲೈಡರಿಗೆ ಎಂಜಿನ್ ಇರೋದಿಲ್ಲ. ಮೈದಾನದ ಆ ತುದಿಯಲ್ಲಿ ಒಂದು ದೊಡ್ಡ ರಾಟೆ, ಅದಕ್ಕೆ ಎಂಜಿನ್. ಕಿಲೋಮೀಟರಿನಷ್ಟು ಉದ್ದದ ಉಕ್ಕಿನ ಹಗ್ಗದ ಒಂದು ತುದಿ ರಾಟೆಗೆ, ಇನ್ನೊಂದು ಗ್ಲೈಡರಿನ ಮೂತಿಯ ಕೆಳಗೆ. ರಾಟೆ ಸುತ್ತಿ ಎಳೆದಂತೆ ಗ್ಲೈಡರ್ ಗಾಳಿಪಟದ ಹಾಗೆ ಮೇಲೇರುತ್ತೆ. ಸಾಕಷ್ಟು ಎತ್ತರಕ್ಕೆ ಬಂದಮೇಲೆ ಒಳಗಿನ ಹಿಡಿಕೆ ಜಗ್ಗಿದರೆ ಹಗ್ಗ ಕಳಚಿ ಬೀಳುತ್ತೆ. ಆಮೇಲೆ ನೀನು, ಗಾಳಿ, ಅಷ್ಟೇ. ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿ ಸಿಕ್ಕರೆ ಇನ್ನೂ ಮೇಲೆ, ಸಿಗದಿದ್ದರೆ ಮೆಲ್ಲಗೆ ಕೆಳಗೆ. ನಮ್ಮ ಬಿಜಾಪುರದ ಬಿಸಿಲು ಇಂಥದ್ದಕ್ಕೆ ಹೇಳಿ ಮಾಡಿಸಿದ್ದು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ಆ ಬಿಸಿಲಿನಿಂದ ಇಲ್ಲಿಯವರೆಗೆ ನಾವು ತೆಗೆದ ಲಾಭ ಹಪ್ಪಳ ಸಂಡಿಗೆ ಒಣಗಿಸಿದ್ದು!

ಎನ್‌ಸಿಸಿ ಅಂದರೆ ನಮ್ಮ ಕಡೆಯ ಮನೆಗಳಲ್ಲಿ ಒಂದು ತರಹದ ಅಂಜಿಕೆ ಇದೆ. ಅದಕ್ಕೂ ಇತಿಹಾಸವಿದೆ. 1962ರ ಯುದ್ಧ ಮುಗಿದಮೇಲೆ, 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ಕಡ್ಡಾಯ ಮಾಡಿದರು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಆ ಐದು ವರ್ಷ ಕಾಲೇಜಿನಲ್ಲಿದ್ದವರಲ್ಲಿ ನಮ್ಮ ಅಪ್ಪನೂ ಒಬ್ಬರು. ಬಿಜಾಪುರದ ಬಿಸಿಲಲ್ಲಿ, ಕಾಲಿಗೆ ಸರಿಹೊಂದದ ಬೂಟು ಹಾಕಿಕೊಂಡು, ಯಾಕೆ ಅಂತ ಗೊತ್ತಿಲ್ಲದೆ ಎಡ-ಬಲ ಮಾಡಿದ್ದನ್ನು ಅವರು ನಗುತ್ತ ಹೇಳ್ತಿದ್ದರು. ನಗುವಿನ ಹಿಂದೆ ಆಗಿನ ಹೆದರಿಕೆಯೂ ಇತ್ತು: "ಚೀನಾದವ್ರು ಮತ್ತ ಬಂದ್ರ ನಮ್ನ ಒಯ್ತಾರ ಅಂತ ನಿಮ್ಮಜ್ಜಿ ಅಳೂದು ಒಂದ..." ಆ ಅಂಜಿಕೆ ಮಗನಿಂದ ಸೊಸೆಗೆ, ಅಲ್ಲಿಂದ ಮೊಮ್ಮಕ್ಕಳ ಕಾಲಕ್ಕೆ ಇಳಿದು ಬಂದಿದೆ.

ಯಾಕೆ ಹೇಳ್ತಿದ್ದೀನಂದ್ರೆ, ಹೋದ ವರ್ಷ ನಮ್ಮ ಅಣ್ಣನ ಮಗಳು ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವಾಗ ಫೋನ್ ಮಾಡಿದ್ದಳು.

"ಕಾಕಾ, ನಂಗ ವಿಮಾನದ ಎನ್‌ಸಿಸಿ ಸೇರೂದೈತಿ. ಇಲ್ಲೆ ಎಲ್ಲಾ ಕಡೆ ಬರೇ ಆರ್ಮಿದ ಐತಿ."

ಪಕ್ಕದಲ್ಲೇ ವೈನಿಯ ದನಿ: "ಅಲ್ರಿ, ಅದಕ್ಕ ಸೇರಿಸಿದ್ರ ಆಮ್ಯಾಲ ಗಡಿಗಿ ಕಳಸ್ತಾರಂತಲ್ರಿ? ಹೆಣ್ಣ ಕೂಸು..."

ಅವರಿಬ್ಬರಿಗೂ ಹೇಳಿದ್ದನ್ನೇ ಇಲ್ಲೂ ಬರೀತೀನಿ, ಯಾರಿಗಾದರೂ ಉಪಯೋಗವಾದೀತು. ಎನ್‌ಸಿಸಿ ಸೇರಿದವರು ಸೈನ್ಯಕ್ಕೆ ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಯಾರನ್ನೂ ಗಡಿಗೆ ಕಳಿಸೋದಿಲ್ಲ. ಶಾಲೆಯಲ್ಲಿ ಜೂನಿಯರ್, ಎರಡು ವರ್ಷ, ಕೊನೆಗೆ 'ಎ' ಸರ್ಟಿಫಿಕೇಟು. ಕಾಲೇಜಿನಲ್ಲಿ ಸೀನಿಯರ್, ಅಲ್ಲಿ 'ಬಿ', ಮೂರನೇ ವರ್ಷಕ್ಕೆ 'ಸಿ'. ಹುಡುಗ ಹುಡುಗಿ ಇಬ್ಬರಿಗೂ ಇದೆ. ಏರ್ ವಿಂಗಿನಲ್ಲಿ ಪರೇಡು, ಬಂದೂಕು ಎಲ್ಲರಂತೆಯೇ. ಜೊತೆಗೆ ವಿಮಾನ ಯಾಕೆ ಹಾರುತ್ತೆ, ಹವಾಮಾನ, ದಾರಿ ಲೆಕ್ಕ, ಎಂಜಿನ್, ಕೈಯಾರೆ ಮಾದರಿ ವಿಮಾನ ಮಾಡೋದು. ಪಾಳಿ ಬಂದವರಿಗೆ ತರಬೇತುದಾರರ ಪಕ್ಕ ಕೂತು ಹಾರಾಟ. ಈಗ ಪುಷ್ಪಕ್ ಕಾಲ ಹೋಗಿ ಮೈಕ್ರೋಲೈಟ್ ಬಂದಿವೆ. 2015ರಲ್ಲಿ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯಿಂದ 194 ಪುಟ್ಟ ವಿಮಾನ ಕೊಳ್ಳಲು ನಮ್ಮ ಸರಕಾರ ಒಪ್ಪಂದ ಮಾಡಿತು. ಅದರಲ್ಲಿ ವಾಯುಪಡೆಗೆ 72, ನೌಕಾಪಡೆಗೆ 12, ಉಳಿದ 110 ಎನ್‌ಸಿಸಿಗೆ! ಅಂದರೆ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗಾಗಿ. ಮುಂದೆ ವಾಯುಪಡೆಗೇ ಹೋಗಬೇಕು ಅನ್ನುವವರಿಗೆ ಏರ್ ವಿಂಗಿನ 'ಸಿ' ಸರ್ಟಿಫಿಕೇಟ್ ಇದ್ದರೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಆಯ್ಕೆ ಮಂಡಳಿಯ ಮುಂದೆ ಹೋಗುವ ದಾರಿಯೂ ಇದೆ. ಹೋಗಲೇಬೇಕೆಂದಿಲ್ಲ.

"ಹೆಣ್ಣ ಕೂಸು" ಅನ್ನೋ ಮಾತಿಗೆ ಉಷಾ ಸುಂದರಂ ಕತೆ ಹೇಳಿದೆ. ಹಾಗೇ 2016ರ ಜೂನಿನಲ್ಲಿ ಕಮಿಷನ್ ಪಡೆದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್ಟುಗಳು - ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ - ಹಾಕ್ ವಿಮಾನದ ಮೇಲೆ ಕಲಿತದ್ದು ನಮ್ಮ ಬೀದರಿನಲ್ಲೇ ಅಂತಲೂ ಹೇಳಿದೆ. ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀದರ್ ಅಂದ್ರ ನಮ್ಮ ಬೀದರಾ?" ಅಂದರು.

ಆದರೆ ಎಲ್ಲ ಹೇಳಿದಮೇಲೂ ಆ ಹುಡುಗಿಯ ಮೊದಲನೇ ಮಾತಿಗೆ ಉತ್ತರ ಸಿಗಲಿಲ್ಲ. "ಇಲ್ಲೆ ಎಲ್ಲಾ ಕಡೆ ಬರೇ ಆರ್ಮಿ". ಏರ್ ವಿಂಗ್ ಎಲ್ಲ ಕಾಲೇಜುಗಳಲ್ಲಿ ಇರೋದಿಲ್ಲ. ಅದಕ್ಕೆ ಹಾರಾಟದ ಮೈದಾನ ಬೇಕು, ವಾಯುಪಡೆಯ ಅಧಿಕಾರಿಗಳು ಬೇಕು, ಹಾಗಾಗಿ ಅದು ದೊಡ್ಡ ಊರಿಗೇ ಅಂಟಿಕೊಂಡಿದೆ. ಅವಳು ಈಗ ಊರಿಂದ ದೂರದ ನಗರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಅಲ್ಲಿ ಏರ್ ವಿಂಗ್ ಸೇರಿದ್ದಾಳೆ. ಹಾಸ್ಟೆಲ್ ಖರ್ಚು ಅಣ್ಣನಿಗೆ ಹಗುರವೇನಲ್ಲ. ಎನ್‌ಸಿಸಿ ಪುಕ್ಕಟೆ ಇರಬಹುದು, ಅದು ಇರುವ ಊರು ಪುಕ್ಕಟೆ ಅಲ್ಲ.

ಇಷ್ಟು ಓದಿದಮೇಲೆ ನನಗೆ ಅನ್ನಿಸೋದು ಇಷ್ಟು. ಕೃಷ್ಣೆಗೆ ಮಹಾಪೂರ ಬಂದಾಗ ದಂಡೆಯ ಊರುಗಳಲ್ಲಿ ಮೊದಲು ನೀರಿಗಿಳಿಯೋದು ಯಾರು? ಸರಕಾರದ ದೋಣಿ ಬರೋದಕ್ಕೆ ಹೊತ್ತಾಗುತ್ತೆ. ಇಳಿಯೋದು ಅಂಬಿಗರು, ಅವರ ಹರಿಗೋಲು. ಅವರಿಗೆ ಯಾರೂ ಸಮವಸ್ತ್ರ ಕೊಟ್ಟಿಲ್ಲ. ದಿನಾ ಮೀನು ಹಿಡಿಯಲು, ಮಂದಿ ದಾಟಿಸಲು ಹೊಳೆಯಲ್ಲೇ ಇರುವವರಾದ್ದರಿಂದ ಆಪತ್ತು ಬಂದಾಗ ಅವರೇ ಸಹಾಯಕ ಪಡೆ. ಅಮೆರಿಕದ ಆ ರೈತರು, ವಕೀಲರು ಆಕಾಶದ ಅಂಬಿಗರು. ನಮ್ಮ ದೇಶ 1939ರಲ್ಲೂ, 1952ರಲ್ಲೂ ಆಕಾಶದ ಅಂಬಿಗರು ಬೇಕು ಅಂತ ಕೂಗಿ ಕರೆಯಿತು. ಮೊದಲು ಹರಿಗೋಲು ಕೊಟ್ಟು, ಹೊಳೆ ತೋರಿಸಬೇಕು ಅನ್ನೋದು ಹೊಳೆದದ್ದು ಎನ್‌ಸಿಸಿಗೆ ಮಾತ್ರ. 2009ರ ಅಕ್ಟೋಬರಿನ ನೆರೆಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಜನರನ್ನು ಎತ್ತಿಕೊಳ್ಳಲು ಸೈನ್ಯದ, ವಾಯುಪಡೆಯ ಹೆಲಿಕಾಪ್ಟರುಗಳೇ ಬರಬೇಕಾಯಿತು. ಯಾವ ಊರು ಮುಳುಗಿದೆ, ಯಾವ ಮಾಳಿಗೆಯ ಮೇಲೆ ಮಂದಿ ಕೂತಿದ್ದಾರೆ ಅಂತ ಮೇಲಿಂದ ನೋಡಿ ಹೇಳುವಷ್ಟು ಕೆಲಸಕ್ಕಾದರೂ ನಮ್ಮದೇ ಹುಡುಗರು, ಎರಡು ಸೀಟಿನ ಪುಟ್ಟ ವಿಮಾನ ಸಾಕಾಗುತ್ತೆ. ಅದಕ್ಕೆ ಯುದ್ಧ ಬೇಕಿಲ್ಲ.

ಹಾರಾಟ ದುಬಾರಿ, ನಿಜ. ಆದರೆ ಮಾದರಿ ವಿಮಾನ ಕಟ್ಟಲು ರನ್‌ವೇ ಬೇಡ. ಏರ್ ವಿಂಗಿನ ಪಾಠ ಹೇಳಲು ಜಕ್ಕೂರೇ ಬೇಕೆಂದಿಲ್ಲ. ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಾಗೇವಾಡಿಯ ಕಾಲೇಜುಗಳಲ್ಲಿ ವಾರಕ್ಕೊಮ್ಮೆ ಪಾಠ, ವರ್ಷಕ್ಕೊಮ್ಮೆ ಹತ್ತು ದಿನದ ಶಿಬಿರ ಅಂತ ದೂರದ ಮೈದಾನಕ್ಕೆ ಕರೆದೊಯ್ದರೂ ಆಯಿತು. ಕಾಲೇಜಿನ ಪ್ರಿನ್ಸಿಪಾಲರು ಒಂದು ಅರ್ಜಿ ಬರೆಯೋದರಿಂದ ಇದು ಶುರುವಾಗಬಹುದು. ನಮ್ಮ ತಾಲೂಕಿನಲ್ಲಿ ಪಾಠ ಮಾಡುವ ಗೆಳೆಯರು ಕೆಲವರು ಇದನ್ನು ಓದ್ತೀರಿ ಅಂತ ಗೊತ್ತು, ನಿಮಗೇ ಹೇಳ್ತಿರೋದು!

ಅಂದ ಹಾಗೆ, 1960-70ರ ದಶಕದಲ್ಲಿ ಜಕ್ಕೂರಿನಲ್ಲಿ ಪುಷ್ಪಕ್ ಹತ್ತಿದ, ರೋಹಿಣಿ ಗ್ಲೈಡರಿನಲ್ಲಿ ಕೂತ ಬಿಜಾಪುರ ಕಡೆಯ ಹಿರಿಯರು ಯಾರಾದರೂ ನಿಮಗೆ ಗೊತ್ತಿದ್ದರೆ ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡಿ. ವಯಸ್ಸಾಗಿರುತ್ತೆ, ಹೊತ್ತು ಮಾಡಬೇಡಿ. ದೊಡ್ಡವರ ಕತೆಗಳನ್ನು ಬರೆಯಲು ಮಂದಿ ಇದ್ದಾರೆ. ಇವರದ್ದನ್ನು ನಾವೇ ಬರೀಬೇಕು.